ಕುತಗಿ, ಹೆಗಲ ಹಿಡದು ಬಿಡವಲ್ದು: ದಿನಾ ಕಂಪ್ಯೂಟರ್ ಮುಂದ ಕೂಡೋರು ಏನ್ ಮಾಡ್ತೀರಿ?

ಹಳೇ ದಫ್ತರ, ಬಾಗಲಕೋಟಿ

ನಮಸ್ಕಾರ್ರಿ ಎಲ್ಲಾರಿಗೂ. ನವನಗರದ ಒಂದ ಕಚೇರಿಯೊಳಗ ಹಳೇ ರಜಿಸ್ಟರ್ ನೋಡಿ ಕಂಪ್ಯೂಟರಿಗೆ ಏರಸೋ ಕೆಲಸ ನಂದು, ಗುತ್ತಿಗಿ ಮ್ಯಾಲ. ಮುಂಜಾನೆ ಕುಂತ್ರ ಊಟದ ಹೊತ್ತ ಬಿಟ್ಟು ಸಂಜಿತನಕ ‘ನುಡಿ’ ಸಾಫ್ಟ್‌ವೇರಿನ್ಯಾಗ ಕನ್ನಡ ಟೈಪ್ ಮಾಡೋದು. ಕೆಲವು ತಿಂಗಳಿಂದ ಬಲಗಡೆ ಕುತಗಿ ಬುಡದಿಂದ ಹೆಗಲ ಮ್ಯಾಲೆ ಹಾದು ಬೆನ್ನಿನ ರೆಕ್ಕಿ ಎಲುಬಿನ ತನಕ ಎಳೀತೈತಿ. ಮುಂಜಾನೆ ಏನೂ ಇರಂಗಿಲ್ಲ. ಮಧ್ಯಾಹ್ನ ಚಾ ಕುಡಿಯೋ ಹೊತ್ತಿಗೆ ಶುರು. ಬೆರಳ ಇಟ್ಟ ಒತ್ತಿದ್ರ ಅಲ್ಲೆ ಗಂಟ ಸಿಕ್ಕಂಗ ಆಗತೈತಿ. ರವಿವಾರ ಆರಾಮ.

ಎಕ್ಸ್‌ರೇ ತಗಸಿದೆ. ‘ಸ್ಪಾಂಡಿಲೋಸಿಸ್ ಶುರು ಆಗೈತಿ’ ಅಂದ್ರು. ನನಗ ಈಗ 38. ಕೊರಳಿಗೆ ಪಟ್ಟಾ ಹಾಕ್ಕೊಂಡ ಆಫೀಸಿಗೆ ಹೋದ್ರ ಎಲ್ಲಾರೂ ಅಪಘಾತ ಆತೇನು ಅಂತ ಕೇಳೋರ. ನಮ್ಮವ್ವ ‘ನರ ಹಿಡದೈತಿ, ಕಾಲ ಮುಂದಾಗಿ ಹುಟ್ಟಿದವರ ಕಡೆ ಒದಿಸ್ಕೊಂಡ ಬಾ’ ಅಂತಾಳ. ಆಫೀಸಿನ ಒಬ್ಬರು ಹದಿನೈದು ಸಾವಿರದ ಖುರ್ಚಿ ತಗೋ ಅಂದ್ರು. ಯಾವುದು ಖರೆ? ಈ ಕೆಲಸ ಬಿಡಬೇಕಾಗತೈತೇನ್ರಿ?

ಕೃಷ್ಣಾ ದಂಡಿ, ಜಮಖಂಡಿ

ಖುರ್ಚಿ ಕೇಳಿದ್ರ ಬಜೆಟ್ ಇಲ್ಲ ಅಂತಾರ ನಮ್ಮ ಕಡೆ. ಸಾಹೇಬರ ಖುರ್ಚಿಗೆ ಬಿಳೇ ಟಾವೆಲ್ ಹೊಚ್ಚಾಕ ಮಾತ್ರ ವರ್ಷಾ ಬಜೆಟ್ ಬರತೈತಿ. ಆ ಟಾವೆಲ್ ಸುತ್ತಿ ನಡಕ್ಕ ಇಟ್ಕೊಂಡ್ರ ಸಾಹೇಬರಿಗೂ ಉಪಯೋಗ ಆಗತಿತ್ತು, ಅವರು ಬೆನ್ನಿಗೆ ಹೊಚ್ಚಿ ಕುಂತಾರ.

ಗರಡಿ ಹುಡುಗ, ಮುಧೋಳ

ಅಣ್ಣಾರ, ಇದೆಲ್ಲಾ ಮೈ ದಣೀಲಾರದ್ದಕ್ಕ ಬರೋ ಬ್ಯಾನಿ. ದಿನಾ ನಸಿಕಲೆ ಎದ್ದು ದಂಡ, ಬೈಠಕ್ ಹೊಡೀರಿ. ಎಳ್ಳೆಣ್ಣಿ ಕಾಸಿ ಗಟ್ಟಿ ಕೈಯವರ ಕಡೆ ತಿಕ್ಕಿಸಿಕೊಳ್ರಿ. ಖುರ್ಚ್ಯಾಗ ಸೆಟದ ಕೂಡ್ರಿ, ಎದಿ ಮುಂದ, ಬೆನ್ನ ನೆಟ್ಟಗ. ಡೊಗ್ಗಿ ಕುಂತ್ರ ಬೆನ್ನ ಹೋಗದ ಮತ್ತೇನ್ ಆಗತೈತಿ?

ಫಿಜಿಯೋ ಅಕ್ಕ, ಟಿಳಕವಾಡಿ

ಬೆಳಗಾವಿಯಲ್ಲಿ ಫಿಜಿಯೋಥೆರಪಿ ಮಾಡುತ್ತೇನೆ. ದಿನಾ ಬರುವವರಲ್ಲಿ ಬ್ಯಾಂಕು, ಕಚೇರಿ, ಆಸ್ಪತ್ರೆ ಬಿಲ್ಲಿಂಗಿನವರು ಬಹಳ. ದಫ್ತರ ಅವರೇ, ಮುಖಾ ನೋಡದೆ ಇದೇ ಕಾಯಿಲೆ ಅಂತ ಹೇಳಲಾರೆ. ಆದರೆ ಮುಂಜಾನೆ ಇಲ್ಲ, ಮಧ್ಯಾಹ್ನ ಶುರು, ರವಿವಾರ ಆರಾಮ ಅಂತ ಬರೆದಿದ್ದೀರಲ್ಲ, ಅದು ಎಕ್ಸ್‌ರೇಗಿಂತ ಹೆಚ್ಚು ಹೇಳುತ್ತದೆ. ಎಲುಬಿನ ಸವೆತ ರವಿವಾರ ರಜೆ ಹಾಕುವುದಿಲ್ಲ. ಇದು ಸ್ನಾಯುವಿನ ದಣಿವಿನ ಲಕ್ಷಣ.

ಮೊದಲು ಆ ‘ಸ್ಪಾಂಡಿಲೋಸಿಸ್’ ಹೆದರಿಕೆ ತೆಗೆದುಹಾಕಿ. ಕೂದಲು ಬೆಳ್ಳಗಾದ ಹಾಗೆ ಕುತ್ತಿಗೆಯ ಎಲುಬು, ಎಲುಬುಗಳ ನಡುವಿನ ಮೆತ್ತೆಯಂಥ ಡಿಸ್ಕುಗಳಲ್ಲೂ ವಯಸ್ಸಿನ ಗುರುತು ಬೀಳುತ್ತದೆ. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,200ಕ್ಕೂ ಹೆಚ್ಚು ಜನರ ಕುತ್ತಿಗೆ ಎಂಆರ್‌ಐ ತೆಗೆದು ನೋಡಿದರು. 2015ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 87ರಷ್ಟು ಜನರ ಡಿಸ್ಕು ಉಬ್ಬಿತ್ತು. ನೋವು ಮಾತ್ರ ಇರಲಿಲ್ಲ! ಹಾಗಾಗಿ ಫಿಲ್ಮಿನಲ್ಲಿ ಕಂಡದ್ದೇ ನೋವಿನ ಕಾರಣ ಅಂತ ಹೇಳಲಾಗದು. ಕೊರಳ ಪಟ್ಟಾ ಬಹಳ ದಿನ ಹಾಕಿದರೆ ಕುತ್ತಿಗೆಯ ಸ್ನಾಯು ಇನ್ನಷ್ಟು ಸೊರಗುತ್ತದೆ.

ಇನ್ನು ಆ ಗಂಟು. ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ಟ್ರೆಪೀಜಿಯಸ್ ಅನ್ನುವ ಸ್ನಾಯು ಅದು. ಟೈಪ್ ಮಾಡುವಾಗ ಅದು ಭಾರ ಎತ್ತುವುದಿಲ್ಲ, ಬರೀ ತೋಳನ್ನು ಹಿಡಿದು ನಿಲ್ಲಿಸಿರುತ್ತದೆ. ಅದರ ಪೂರ್ತಿ ಶಕ್ತಿಯ ಸಣ್ಣ ಪಾಲು ಸಾಕು. ಆದರೆ ಗಂಟೆಗಟ್ಟಲೆ. ಸ್ನಾಯುವಿನೊಳಗೆ ಎಲ್ಲ ಎಳೆಗಳೂ ಪಾಳಿಯಂತೆ ದುಡಿಯುವುದಿಲ್ಲ. ಸಣ್ಣ ಕೆಲಸಕ್ಕೆ ಮೊದಲು ಏಳುವ ಕೆಲವೇ ಎಳೆಗಳು ಕೊನೆಯವರೆಗೂ ಬಿಡುವಿಲ್ಲದೆ ಎಳೆದುಕೊಂಡೇ ಇರುತ್ತವೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಎಲ್ಲರೂ ಮಲಗಿದ ಮೇಲೆ ಮಲಗುವ ಸೊಸೆಯ ಪಾಡು ಅವುಗಳದ್ದು. ಸ್ವೀಡನ್ನಿನ ಸಂಶೋಧಕ ಗೋರಾನ್ ಹ್ಯಾಗ್ 1991ರಲ್ಲಿ ಮುಂದಿಟ್ಟ ವಿಚಾರ ಇದು. ಇವತ್ತಿಗೂ ಊಹೆ ಅಂತಲೇ ಕರೆಯುತ್ತಾರೆ. ಆದರೂ ‘ನಾನು ಏನೂ ಎತ್ತಿಲ್ಲ, ಯಾಕೆ ನೋವು’ ಅಂತ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ನನಗೆ ಬೇಕಾದ ಮಾಹಿತಿ: ರಜಿಸ್ಟರ್ ಎಲ್ಲಿ ಇಡುತ್ತೀರಿ? ಟೇಬಲ್ಲು ನೆಲದಿಂದ ಎಷ್ಟು ಇಂಚು? ಕುಳಿತು ತೋಳು ಇಳಿಬಿಟ್ಟಾಗ ಮೊಣಕೈ ನೆಲದಿಂದ ಎಷ್ಟು ಇಂಚು? ಟೇಪು ಹಿಡಿದು ಅಳೆದು ಬರೆಯಿರಿ.

ಹೊಲದಾಂವ, ವಿಜಯಪುರ

ನಮ್ಮ ಮುತ್ಯಾ ದಿನಾ ರಂಟಿ ಹೊಡದು ಎಂಬತ್ತರ ತನಕ ಇದ್ದ. ಒಂದ ದಿನ ಬೆನ್ನ ಅನ್ಲಿಲ್ಲ. ನೀವು ಫ್ಯಾನಿನ ಬುಡಕ ಕುಂತು ಅಳತೀರಿ.

ಗುಳೇದಗುಡ್ಡ ಮಗ್ಗ

ನಿಮ್ಮ ಮುತ್ಯಾ ಅನ್ಲಿಲ್ಲ ಅಂದ್ರ ನೋವ ಇರಲಿಲ್ಲ ಅಂತ ಅಲ್ರೀ. ಯಾರ ಮುಂದ ಅನಬೇಕಿತ್ತು? 2020ರ ಲೆಕ್ಕಕ್ಕ ಜಗತ್ತಿನ್ಯಾಗ 61 ಕೋಟಿಗಿಂತ ಹೆಚ್ಚು ಮಂದಿಗೆ ನಡನೋವು. ಅವರೆಲ್ಲಾ ಫ್ಯಾನಿನ ಬುಡಕ ಕುಂತಿಲ್ಲ.

ನಮ್ಮಪ್ಪ ಖಣ ನೇಯತಿದ್ದ, ಕುಣಿ ಮಗ್ಗದ ಮ್ಯಾಲ. ಅವಗೂ ಮಣಕಾಲ, ನಡ ನೋವ ಇದ್ದವು, ಇಲ್ಲ ಅನ್ನಂಗಿಲ್ಲ. ಆದ್ರ ಒಂದ ಮಾತ. ಕುಣಿ ತೋಡೋ ಮುಂದ ಅಪ್ಪನ್ನ ಕೂಡ್ರಿಸಿ ಕಾಲಿನ ಅಳತಿ ನೋಡಿ ತೋಡಿದ್ರು. ಲಾಳಿ ಹೊಡೆಯೋ ಕೈ, ತುಳಿಯೋ ಕಾಲು, ಎಲ್ಲಾ ಆಡತಿದ್ದವು. ನಾ ಈಗ ಸಹಕಾರಿ ಬ್ಯಾಂಕಿನ್ಯಾಗ ಕುಂತ ಟೇಬಲ್ ಯಾರ ಅಳತಿಗೆ ಮಾಡ್ಯಾರೋ ದೇವರಿಗೆ ಗೊತ್ತು. ನಮ್ಮ ಮ್ಯಾನೇಜರ್ ಆರಡಿ, ಕ್ಯಾಶಿಯರ್ ಅಕ್ಕಾರು ಐದಡಿ. ಇಬ್ಬರಿಗೂ ಒಂದ ಎತ್ತರದ ಟೇಬಲ್.

ಹಳೇ ದಫ್ತರ, ಬಾಗಲಕೋಟಿ

ಅಳದೆ ನೋಡ್ರಿ ಅಕ್ಕಾರ. ಟೇಬಲ್ 30 ಇಂಚು. ಹಳೇ ಸಾಗವಾನಿದು, ಅದರ ಮ್ಯಾಲ ಗಾಜ. ನನ್ನ ಮೊಣಕೈ 24ಕ್ಕ ಬರತೈತಿ. ನಾ ಐದಡಿ ಎರಡ ಇಂಚು. ರಜಿಸ್ಟರ್ ಎಡಕ್ಕ, ಟೇಬಲ್ ಮ್ಯಾಲ ಅಂಗಾತ ತಗದ ಇಟ್ಟಿರ್ತೀನಿ. ದೊಡ್ಡ ರಜಿಸ್ಟರ್, ಮಸಿ ಮಾಸಿರತೈತಿ, ಬಗ್ಗಿ ನೋಡಬೇಕು. ಸಾಹೇಬರ ಫೋನ್ ಬಂದ್ರ ಹೆಗಲಿಗೂ ಕಿವಿಗೂ ನಡುವ ಹಿಡಕೊಂಡ ಟೈಪ್ ಮಾಡ್ತೀನಿ.

ಫಿಜಿಯೋ ಅಕ್ಕ, ಟಿಳಕವಾಡಿ

ಸಿಕ್ಕಿತು ನೋಡಿ. 30 ಇಂಚಿನ ಟೇಬಲ್ಲು ಪೆನ್ನು ಹಿಡಿದು ಬರೆಯುವವರಿಗಾಗಿ ಇದ್ದದ್ದು. ಅದರ ಮೇಲೆ ಕೀಬೋರ್ಡ್ ಇಟ್ಟರೆ ನಿಮ್ಮ ಮೊಣಕೈಗಿಂತ ಆರು ಇಂಚು ಮೇಲೆ. ಅಲ್ಲಿಗೆ ಕೈ ಮುಟ್ಟಬೇಕು ಅಂದರೆ ದಿನವಿಡೀ ಹೆಗಲು ಎತ್ತಿಕೊಂಡೇ ಕೂಡಬೇಕು. ಅದರ ಮೇಲೆ ಸಾವಿರ ಸಲ ತಲೆ ಎಡಕ್ಕೆ, ಕೆಳಕ್ಕೆ. ತಲೆ ಎಡಕ್ಕೆ ತಿರುಗಿಸಲು ಬಲಗಡೆಯ ಟ್ರೆಪೀಜಿಯಸ್ಸೂ ದುಡಿಯುತ್ತದೆ. ಮೌಸೂ ಬಲಗೈಯಲ್ಲೇ. ಬಲಗಡೆ ಗಂಟು ಕಟ್ಟದೆ ಇನ್ನೇನು?

ತಲೆ ತೂಕ ನಾಲ್ಕೂವರೆ, ಐದು ಕೆಜಿ. ನೆಟ್ಟಗಿದ್ದಾಗ ಎಲುಬೇ ಹೊರುತ್ತದೆ. ಬಗ್ಗಿಸಿದಷ್ಟೂ ಹಿಂದಿನ ಸ್ನಾಯು ಎಳೆದು ಹಿಡಿಯಬೇಕು. ಅಮೆರಿಕದ ಬೆನ್ನುಮೂಳೆ ಸರ್ಜನ್ ಒಬ್ಬರು 2014ರಲ್ಲಿ ಲೆಕ್ಕ ಹಾಕಿ, 60 ಡಿಗ್ರಿ ಬಗ್ಗಿದರೆ ಕುತ್ತಿಗೆಗೆ ಸುಮಾರು 27 ಕೆಜಿ ಭಾರ ಅಂದರು. ಮನುಷ್ಯರ ಮೇಲೆ ಅಳೆದದ್ದಲ್ಲ, ಗಣಿತದ ಲೆಕ್ಕ. ವಾಟ್ಸಾಪಿನಲ್ಲಿ ಅದರ ಚಿತ್ರ ನೋಡಿ ಹೆದರಬೇಡಿ. ದಿಕ್ಕು ಮಾತ್ರ ಸರಿ.

ಹದಿನೈದು ಸಾವಿರದ ಖುರ್ಚಿ ಬೇಡ. ಈಗಿನ ಖುರ್ಚಿಯನ್ನೇ ಎತ್ತರಿಸಿ, ಇಲ್ಲವೇ ಗಟ್ಟಿ ಗಾದಿ ಹಾಕಿ, ಮೊಣಕೈ ಕೀಬೋರ್ಡಿನ ಮಟ್ಟಕ್ಕೆ ಬರಲಿ. ಆಗ ಕಾಲು ಜೋತಾಡುತ್ತದೆ, ಎಷ್ಟು ಏರಿದಿರೋ ಅಷ್ಟು ಎತ್ತರದ ಆಸರೆ ಕಾಲಿಗೆ ಕೊಡಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ, ಒಂದು ತೋಳಿನ ದೂರ. ರಜಿಸ್ಟರ್ ಪಕ್ಕಕ್ಕೆ ಬೇಡ. ಕೀಬೋರ್ಡಿಗೂ ಪರದೆಗೂ ನಡುವೆ ಓರೆಯಾಗಿ ನಿಲ್ಲಿಸಿ. ಫೋನಿಗೆ ಇಯರ್‌ಫೋನ್.

ಚಸ್ಮಾ ಇದೆಯಾ? ದೂರ, ಹತ್ತಿರ ಎರಡೂ ಒಂದೇ ಗಾಜಿನಲ್ಲಿರುವ ಚಸ್ಮಾ ಆದರೆ ಪರದೆಯನ್ನು ಇನ್ನೂ ಕೆಳಗಿಳಿಸಬೇಕು. ಇಲ್ಲದಿದ್ದರೆ ಕೆಳಗಿನ ಗಾಜಿನಿಂದ ನೋಡಲು ಗದ್ದ ಎತ್ತಿ ಎತ್ತಿ ಕುತ್ತಿಗೆಯ ಹಿಂಭಾಗ ಹಿಡಿಯುತ್ತದೆ. ನಲವತ್ತು ದಾಟಿದವರಲ್ಲಿ ಇದನ್ನು ಬಹಳ ನೋಡುತ್ತೇನೆ.

ಕೃಷ್ಣಾ ದಂಡಿ, ಜಮಖಂಡಿ

ಎ-4 ಕಾಗದದ ಬಂಡಲ್ ಒಂದೊಂದು ಎರಡ ಇಂಚ ದಪ್ಪ. ಮೂರ ಬಂಡಲ್ ಟೇಪ್ ಸುತ್ತಿ ಕಾಲ ಬುಡಕ ಇಡ್ರಿ, ಆರ ಇಂಚ ಆತು. ಸರಕಾರಿ ಫುಟ್‌ರೆಸ್ಟ್!

ರೊಟ್ಟಿ ರಿಪೋರ್ಟ್, ವಿಜಯಪುರ

ಅಯ್ಯ, ಕಾಗದಾ ತುಳೀಬ್ಯಾಡ್ರಿ, ಸರಸ್ವತಿ ಅಲ್ಲೇನು. ಬಂಡಲ್ ಮಾನಿಟರ್ ಬುಡಕ ಇಡ್ರಿ. ಕಾಲಿಗೆ ಊಟಕ್ಕ ಕೂಡೋ ಮಣಿ ಎರಡ ಇಡ್ರಿ.

ನಂದೂ ಒಂದ ಪ್ರಶ್ನಿ ಅದ ಅಕ್ಕಾ. ಬಿಲ್ಲಿಂಗ್ ಕೌಂಟರಿನಾಗ ಅದೀನಿ. ರಾತ್ರಿ ನಿದ್ದಿಗಣ್ಣಾಗ ಬಲಗೈ ಹೆಬ್ಬಟ್ಟು, ಅದರ ಬಾಜೂದ ಎರಡ ಬೆರಳು ಜೋಮ ಹಿಡದು ಎಚ್ಚರ ಆಗ್ತದ. ಕೈ ಝಾಡಿಸಿದ್ರ ಸಮ ಆಗ್ತದ. ಸ್ಕೂಟಿ ಹೊಡೆಯೋ ಮುಂದೂ ಹಂಗ. ಕಿರಿಬೆರಳಿಗೆ ಏನೂ ಆಗೂದಿಲ್ಲ. ಇದೂ ಕುತಗೀದ ಏನು? ಎಲ್ಲಾರೂ ಮೌಸಿಂದ ಅಂತಾರ.

ಫಿಜಿಯೋ ಅಕ್ಕ, ಟಿಳಕವಾಡಿ

ಕಿರಿಬೆರಳು ಬಿಟ್ಟು ಉಳಿದವು, ರಾತ್ರಿ ಜೋಮು, ಝಾಡಿಸಿದರೆ ಸಮ. ಇದು ಕಾರ್ಪಲ್ ಟನಲ್ ಇರಬಹುದು. ಮಣಿಕಟ್ಟಿನಲ್ಲಿ ಮೀಡಿಯನ್ ನರ ಒಂದು ಇಕ್ಕಟ್ಟಾದ ಸಂದಿನಲ್ಲಿ ಹಾಯುತ್ತದೆ, ಅಲ್ಲಿ ಒತ್ತಿದರೆ ಹೀಗಾಗುತ್ತದೆ. ಹೆಂಗಸರಲ್ಲಿ ಹೆಚ್ಚು. ಥೈರಾಯ್ಡ್, ಸಕ್ಕರೆ ಕಾಯಿಲೆ, ಬಸಿರು ಇದ್ದಾಗ ಇನ್ನೂ ಹೆಚ್ಚು. ಥೈರಾಯ್ಡ್, ಸಕ್ಕರೆ ಎರಡರ ರಕ್ತಪರೀಕ್ಷೆಯನ್ನೂ ಮಾಡಿಸಿ.

ಕೀಬೋರ್ಡಿಗೆ ಎಲ್ಲ ತಪ್ಪು ಹೊರಿಸಬೇಡಿ. ಕಂಪ್ಯೂಟರ್ ಕೆಲಸಕ್ಕೂ ಇದಕ್ಕೂ ನಂಟು ಜನ ತಿಳಿದಷ್ಟು ಗಟ್ಟಿಯಿಲ್ಲ. ಜೋರು ಹಾಕಿ, ಮಣಿಕಟ್ಟು ಮಣಿಸಿ, ಮತ್ತೆ ಮತ್ತೆ ಮಾಡುವ ಕೆಲಸಕ್ಕೆ ಹೆಚ್ಚು ನಂಟಿದೆ. ನಿಮ್ಮ ಹೆಸರಲ್ಲೇ ಇದೆಯಲ್ಲ ರೊಟ್ಟಿ. ದಿನಕ್ಕೆ ಎಷ್ಟು ಬಡಿಯುತ್ತೀರಿ?

ರೊಟ್ಟಿ ರಿಪೋರ್ಟ್, ವಿಜಯಪುರ

ಮನ್ಯಾಗ ಏಳ ಮಂದಿ. ಲೆಕ್ಕಾ ನೀವ ಹಾಕ್ರಿ. ನಸಿಕಲೆ ಹಿಟ್ಟ ನಾದಿ ರೊಟ್ಟಿ ಬಡದ ಡಬ್ಬಿ ಕಟ್ಟಿ ಆಫೀಸಿಗೆ ಹೋಗೂದು, ಸಂಜೀಕ ಬಂದು ಮತ್ತ ಬಡಿಯೂದು. ಅದನ್ನ ಯಾವ ಡಾಕ್ಟರೂ ಕೇಳಿರಲಿಲ್ಲ ನನಗ. ‘ಏನು ಕೆಲಸ’ ಅಂದ್ರು, ‘ಕಂಪ್ಯೂಟರ್’ ಅಂದೆ, ಬರಕೊಂಡ್ರು.

ಫಿಜಿಯೋ ಅಕ್ಕ, ಟಿಳಕವಾಡಿ

ಅದೇ ತೊಂದರೆ. ಹೆಂಗಸರ ಎರಡನೇ ಪಾಳಿಯನ್ನು ಯಾರೂ ಬರೆದುಕೊಳ್ಳುವುದಿಲ್ಲ. ನಾದುವಾಗ ಅಂಗೈ ಬುಡದಿಂದ ಒತ್ತುತ್ತೀರಿ, ನರ ಹಾಯುವ ಜಾಗವೇ ಅದು.

ರಾತ್ರಿ ಮಣಿಕಟ್ಟು ನೆಟ್ಟಗಿಡುವ ಸ್ಪ್ಲಿಂಟ್ ಹಾಕಿ ಮಲಗಿ, ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಕೆಲವು ವಾರ ಬಿಡದೆ ಹಾಕಬೇಕು. ನಾದುವ ಕೆಲಸ ಬೇರೆಯವರಿಗೆ ಒಪ್ಪಿಸಿ. ಮನೆಯಲ್ಲಿ ಏಳು ಜನ ಅಂದರೆ ಹದಿನಾಲ್ಕು ಕೈ ಇವೆ. ಹೆಬ್ಬೆರಳ ಬುಡದ ಮಾಂಸ ಇಳಿದಂತೆ ಕಂಡರೆ, ಬಟನ್ ಹಾಕಲು ಕೈ ತಪ್ಪಿದರೆ ಮನೆಮದ್ದು ನಿಲ್ಲಿಸಿ, ನರದ ಪರೀಕ್ಷೆಗೆ ಹೋಗಿ. ತಡಮಾಡಿದರೆ ನರ ಪೂರ್ತಿ ಚೇತರಿಸಿಕೊಳ್ಳದು.

ಗರಡಿ ಹುಡುಗ, ಮುಧೋಳ

ಅಕ್ಕಾರ, ನಾ ಸೆಟದ ಕೂಡ್ರಿ ಅಂದಿದ್ದಕ್ಕ ನೀವು ಏನೂ ಹೇಳ್ಲಿಲ್ಲ. ಸರಿ ಅಂತ ತಿಳಕೊಳ್ಳೂದೇನು?

ಫಿಜಿಯೋ ಅಕ್ಕ, ಟಿಳಕವಾಡಿ

ಅರ್ಧ ಸರಿ ತಮ್ಮಾ. ಮೈ ದಣಿಸಬೇಕು ಅಂದಿದ್ದು ಪೂರ್ತಿ ಸರಿ. ಸೆಟೆದು ಕೂಡಬೇಕು ಅನ್ನುವುದನ್ನು ಒಪ್ಪಲಾರೆ. ಸ್ವೀಡನ್ನಿನ ಆಲ್ಫ್ ನಾಚೆಮ್ಸನ್ 1960ರ ದಶಕದಲ್ಲಿ ಬೆನ್ನಿನ ಡಿಸ್ಕಿನೊಳಗೆ ಸೂಜಿ ಇಳಿಸಿ ಒತ್ತಡ ಅಳೆದರು. ನಿಂತಾಗಿಗಿಂತ ಕೂತಾಗ ಒತ್ತಡ ಜಾಸ್ತಿ ಅಂತ ಬಂತು. ಆಮೇಲೆ ಎಲ್ಲ ಪುಸ್ತಕಗಳಲ್ಲೂ ಅದೇ ಚಿತ್ರ. 1999ರಲ್ಲಿ ಜರ್ಮನಿಯಲ್ಲಿ ಮತ್ತೆ ಅಳೆದಾಗ ಆರಾಮಾಗಿ ಕೂತವನ ಡಿಸ್ಕಿನ ಒತ್ತಡ ನಿಂತಾಗಿಗಿಂತ ಹೆಚ್ಚೇನಿರಲಿಲ್ಲ. ಒಬ್ಬನೇ ಮನುಷ್ಯನ ಮೇಲೆ ಮಾಡಿದ್ದು, ಆದರೆ ಕಲಿಸಿದ್ದು ಬಹಳ. ಮಿಲಿಟರಿ ಥರ ನೆಟ್ಟಗೆ ಕೂಡಲು ಬೆನ್ನಿನ ಸ್ನಾಯು ಬಿಡದೆ ಎಳೆದಿರಬೇಕು, ಅದೂ ದಣಿವೇ. ತುಸು ಹಿಂದಕ್ಕೆ ಒರಗಿ, ನಡಕ್ಕೆ ಟಾವೆಲ್ ಸುರುಳಿ ಇಟ್ಟು ಕೂಡಿ. ಅರ್ಧ ತಾಸಿಗೊಮ್ಮೆ ಅದನ್ನೂ ಬದಲಿಸಿ. ಎದ್ದು ನೀರು ಕುಡಿದು ಬನ್ನಿ, ಫೋನ್ ಬಂದರೆ ನಿಂತು ಮಾತಾಡಿ.

ಇನ್ನು ಗಟ್ಟಿ ಕೈಯವರ ಕಡೆ ತಿಕ್ಕಿಸೋದು: ಎಣ್ಣೆ, ಬಿಸಿನೀರಿನ ಶಾಖ ಆ ಹೊತ್ತಿಗೆ ಹಾಯೆನಿಸುತ್ತದೆ, ಮಾಡಿ. ಕುತ್ತಿಗೆಯನ್ನು ‘ಲಟಕ್’ ಅಂತ ತಿರುಗಿಸುವವರ ಕೈಗೆ ಮಾತ್ರ ತಲೆ ಕೊಡಬೇಡಿ. ದಫ್ತರ ಅವರ ಅವ್ವನಿಗೂ ಅದೇ ಉತ್ತರ, ಒದಿಸಿಕೊಳ್ಳುವುದು ಬೇಡ.

ಕಾಟಾ ಸೀಸನ್

ಸಕ್ಕರಿ ಫ್ಯಾಕ್ಟರಿ ಕಾಟಾದ ಮ್ಯಾಲ ಕಂಪ್ಯೂಟರ್ ಕೆಲಸ. ಸೀಸನ್ ಶುರು ಆದ್ರ ಟ್ರ್ಯಾಕ್ಟರ್ ಸಾಲು ಮುಗಿಯಂಗಿಲ್ಲ, ಎದ್ದ ಹೋಗೂ ಮಾತ ಇಲ್ಲ. ನಡು ಹಿಡದು ಎಡಗಾಲಿನ ಮೀನಖಂಡದ ತನಕ ಕರೆಂಟ್ ಹೊಡದಂಗ ಆಗತೈತಿ. ಊರಾಗ ಒಬ್ಬರು ಹದಿನೈದ ದಿನ ಹಲಗಿ ಮ್ಯಾಲ ಮಲಗು, ಬೆಲ್ಟ್ ಹಾಕು ಅಂದಾರ. ಗುಳಿಗಿ ನುಂಗಿ ಡ್ಯೂಟಿ ಮಾಡಾಕತ್ತೀನಿ.

ಫಿಜಿಯೋ ಅಕ್ಕ, ಟಿಳಕವಾಡಿ

ಮೊದಲು ಇದನ್ನು ಓದಿ: ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ, ಕೂಡುವ ಜಾಗ, ತೊಡೆ ಸಂದು ಜೋಮು ಹಿಡಿದರೆ, ಪಾದ ಎತ್ತಲಾಗದೆ ಚಪ್ಪಲಿ ಜಾರತೊಡಗಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ, ಮರುದಿನ ಅಂತ ಬೇಡ. ನಡನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿತ ಇದ್ದರೂ ತೋರಿಸಿ. ಎಡ ಹೆಗಲು, ತೋಳು ನೋವಿನ ಜೊತೆ ಎದೆ ಬಿಗಿತ, ಬೆವರು ಬಂದರೆ ಅದನ್ನು ಕಂಪ್ಯೂಟರ್ ನೋವು ಅಂದುಕೊಂಡು ಕೂಡಬೇಡಿ, ಹೃದಯದ್ದಿರಬಹುದು.

ಇವು ಯಾವುದೂ ಇಲ್ಲವಾದರೆ ಕಾಲಿಗೆ ಇಳಿಯುವ ಇಂಥ ನೋವು ಬಹುತೇಕರಿಗೆ ಕೆಲವು ವಾರಗಳಲ್ಲಿ ತಾನೇ ಇಳಿಮುಖವಾಗುತ್ತದೆ. ಹದಿನೈದು ದಿನ ಮಲಗುವುದು ಹಳೆಯ ಕಾಲದ ಸಲಹೆ. ಮಲಗಿದಷ್ಟೂ ಸ್ನಾಯು ಸೊರಗಿ ಚೇತರಿಕೆ ತಡವಾಗುತ್ತದೆ. ಆಗುವಷ್ಟು ಓಡಾಡಿ. ಬೆಲ್ಟ್ ಬಸ್ ಪ್ರಯಾಣಕ್ಕೆ ಹಾಕಿ, ಮೈಗೆ ಅಂಟಿಸಿಕೊಳ್ಳಬೇಡಿ. ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ತಾವೇ ತಂದು ವಾರಗಟ್ಟಲೆ ನುಂಗಿದರೆ ಹೊಟ್ಟೆಹುಣ್ಣು, ಕಿಡ್ನಿಗೆ ಪೆಟ್ಟು. ಬಿಪಿ ಇದ್ದವರಿಗೆ ಇನ್ನೂ ಅಪಾಯ.

ಎದ್ದು ಹೋಗಲು ಆಗದಿದ್ದರೂ ಎದ್ದು ನಿಲ್ಲಲು ಆಗುತ್ತದಲ್ಲ? ಟ್ರ್ಯಾಕ್ಟರ್ ಕಾಟಾದಿಂದ ಇಳಿದು ಮುಂದಿನದು ಏರುವ ಹೊತ್ತಿಗೆ ನಿಲ್ಲಿ.

ಟೈಪಿಂಗ್ ಮಾಸ್ತರ್, ಬೆಳಗಾವಿ

ನಾನು ಟೈಪಿಂಗ್ ಕಲಿಸಿದವನು. ಟೈಪ್‌ರೈಟರಿನಲ್ಲಿ ಸಾಲು ಮುಗಿದರೆ ಗಂಟೆ ಬಾರಿಸುತ್ತಿತ್ತು, ಕೈ ಎತ್ತಿ ಕ್ಯಾರೇಜ್ ದೂಡಬೇಕು. ಹಾಳೆ ಮುಗಿದರೆ ತೆಗೆದು ಕಾರ್ಬನ್ ಜೋಡಿಸಿ ಹಾಕಬೇಕು. ಆ ಯಂತ್ರ ತಾನೇ ವಿಶ್ರಾಂತಿ ಕೊಡುತ್ತಿತ್ತು, ನಮಗದು ತೊಡಕು ಅನಿಸುತ್ತಿತ್ತು ಅಷ್ಟೆ.

ಒಬ್ಬರು ಮೌಸ್ ಎಡಗೈಗೆ ಹಾಕಿಕೊಂಡರೆ ಸಾಕು ಅಂತ ಬೇರೆ ಕಡೆ ಬರೆದಿದ್ದರು. 1713ರಲ್ಲೇ ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಜ್ಜೀನಿ ಗುಮಾಸ್ತರ ಬೇನೆಯ ಬಗ್ಗೆ ಬರೆದಿದ್ದಾನೆ. ಕೂತೇ ಇರುವುದು, ಕೈ ಒಂದೇ ಥರ ಆಡುವುದು, ತಪ್ಪಾದೀತೆಂಬ ಮನಸ್ಸಿನ ಬಿಗಿತ, ಈ ಮೂರು ಕಾರಣ ಅಂದ. ಅವನಿಗೆ ಗೊತ್ತಿದ್ದ ದಸ್ತಾವೇಜು ಬರೆಯುವವನೊಬ್ಬ ಬಲಗೈ ಸೋತಿತೆಂದು ಎಡಗೈಯಲ್ಲಿ ಬರೆಯಲು ಕಲಿತ. ಸ್ವಲ್ಪ ಕಾಲಕ್ಕೆ ಎಡಗೈಗೂ ಅದೇ ಬಂತಂತೆ. ಕೆಲಸದ ರೀತಿ ಬದಲಾಗದೆ ಕೈ ಬದಲಾದರೆ ಎರಡೂ ಕೈ ಹೋಗುತ್ತವೆ.

ಫಿಜಿಯೋ ಅಕ್ಕ, ಟಿಳಕವಾಡಿ

ಮಾಸ್ತರರೇ, ಮೂರನೆಯದನ್ನು ಮರೆಯಬಾರದು. ದಿನಕ್ಕೆ ಇಷ್ಟು ಎಂಟ್ರಿ ಆಗಲೇಬೇಕು ಅಂತ ತಲೆ ಮೇಲೆ ನಿಂತರೆ ಹೆಗಲು ತಾನೇ ಏರುತ್ತದೆ.

ಗರಡಿ ಹುಡುಗನಿಗೂ ದಫ್ತರ ಅವರಿಗೂ ಒಂದು: ಡೆನ್ಮಾರ್ಕಿನಲ್ಲಿ ಕುತ್ತಿಗೆ, ಹೆಗಲು ನೋವಿದ್ದ ಕಚೇರಿ ಕೆಲಸಗಾರರಿಗೆ ರಬ್ಬರ್ ಪಟ್ಟಿ ಕೊಟ್ಟು ದಿನಕ್ಕೆ ಎರಡೇ ನಿಮಿಷ, ವಾರಕ್ಕೆ ಐದು ದಿನ, ಹತ್ತು ವಾರ ತೋಳು ಎತ್ತಿಸಿದರು. 2011ರ ಅಧ್ಯಯನ. ನೋವು ಕಡಿಮೆಯಾಯಿತು. ಹನ್ನೆರಡು ನಿಮಿಷ ಮಾಡಿದವರಿಗೂ ಎರಡು ನಿಮಿಷದವರಿಗೂ ದೊಡ್ಡ ಅಂತರ ಇರಲಿಲ್ಲ. ಹಳೇ ಸೈಕಲ್ ಟ್ಯೂಬ್ ಉದ್ದಕ್ಕೆ ಕತ್ತರಿಸಿ ಕಾಲಲ್ಲಿ ಮೆಟ್ಟಿ, ಎರಡು ತುದಿ ಎರಡು ಕೈಯಲ್ಲಿ ಹಿಡಿದು ತೋಳನ್ನು ಪಕ್ಕಕ್ಕೆ, ತುಸು ಮುಂದಕ್ಕೆ ಹೆಗಲ ಮಟ್ಟದವರೆಗೆ ನಿಧಾನ ಎತ್ತಿ, ನಿಧಾನ ಇಳಿಸಿ. ಮೊದಲ ವಾರ ಮೈ ನೊಂದರೆ ಹೆದರಬೇಡಿ. ಸಕ್ಕರೆ ಕಾಯಿಲೆ ಇದ್ದು ತೋಳು ಎತ್ತಲೇ ಆಗದಷ್ಟು ಬಿಗಿದಿದ್ದರೆ ಅದು ಬೇರೆ ತೊಂದರೆ, ಮೊದಲು ತೋರಿಸಿ.

ಹಳೇ ದಫ್ತರ, ಬಾಗಲಕೋಟಿ

ಎಲ್ಲಾರಿಗೂ ಶರಣ್ರಿ. ಮಣಿ ಎರಡ ಇಟ್ಟೆ, ಗಾದಿ ಹಾಕಿದೆ. ರಜಿಸ್ಟರ್ ಓರೆ ನಿಲ್ಲಸಾಕ ಏನೂ ಸಿಗಲಿಲ್ಲ, ಮನ್ಯಾಗ ಪುರಾಣ ಓದೋ ವ್ಯಾಸಪೀಠ ಇತ್ತು, ಅದನ್ನ ಕಾಗದದ ಬಂಡಲ್ ಮ್ಯಾಲ ಇಟ್ಟೀನಿ. ಸಾಹೇಬರು ಬಂದು ‘ಏನ್ ಪ್ರವಚನ ನಡದೈತೇನಪಾ’ ಅಂದ್ರು. ನಗಲಿ ಬಿಡ್ರಿ, ತಿರುಗಿ ತಿರುಗಿ ನೋಡೋದು ನಿಂತೈತಿ. ಹೆಗಲ ಪೂರ್ತಿ ಹೋಗಿಲ್ಲ, ಹಗರ ಆಗೈತಿ. ಪಟ್ಟಾ ತಗದ ಇಟ್ಟೆ.

ಈಗ ಉಳದಿದ್ದು ಎಡಗೈ ಕಿರಿಬೆರಳ. ಮಹಾಪ್ರಾಣ, ದೀರ್ಘ ಬಂದಾಗೆಲ್ಲ ಶಿಫ್ಟ್ ಒತ್ತಿ ಒತ್ತಿ ನೋಯತೈತಿ. ‘ಭೂಮಿ’ ಅಂತ ಹೊಡೀಬೇಕಂದ್ರ ಎರಡ ಸಲ ಶಿಫ್ಟ್, ಮತ್ತ ನಮ್ಮ ಕಡತ ತುಂಬ ಅದ ಶಬ್ದ.

ಟೈಪಿಂಗ್ ಮಾಸ್ತರ್, ಬೆಳಗಾವಿ

ಎಡಗಡೆಯ ಶಿಫ್ಟ್ ಒಂದನ್ನೇ ಬಳಸುತ್ತೀರಿ ಅಂತ ಕಾಣುತ್ತದೆ. ಅಕ್ಷರ ಎಡಗೈಯದಾದರೆ ಬಲ ಶಿಫ್ಟ್, ಬಲಗೈಯದಾದರೆ ಎಡ ಶಿಫ್ಟ್. ‘ಭ’ಕ್ಕೆ ಬಿ ಕೀಲಿ, ಅದು ಎಡ ತೋರುಬೆರಳಿನದು, ಆದ್ದರಿಂದ ಬಲ ಕಿರಿಬೆರಳಲ್ಲಿ ಶಿಫ್ಟ್. ದೀರ್ಘ ‘ಊ’ಗೆ ಯು ಕೀಲಿ, ಅದು ಬಲಗೈಯದು, ಆಗ ಎಡ ಶಿಫ್ಟ್. ಒಂದೇ ಶಬ್ದದಲ್ಲಿ ಎರಡು ಕಿರಿಬೆರಳಿಗೂ ಒಂದೊಂದು ಪಾಲು. ಮತ್ತೆ ಬೆರಳು ಚಾಚಿ ಒತ್ತಬೇಡಿ, ಮುಂಗೈ ಸಮೇತ ಸರಿಸಿ ಒತ್ತಿ. ಮೊದಮೊದಲು ವೇಗ ಕುಸಿಯುತ್ತದೆ. ಸಾಹೇಬರಿಗೆ ಮುಂಚೆಯೇ ಹೇಳಿಬಿಡಿ.